ಷರಾ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದಪ್ಪನೆಯ ಕಾಗದದ ಕಟ್ಟೊಂದನ್ನು ಬಗಲಲ್ಲಿ ಅವುಚಿಕೊಂಡು ಮನೆಗೆ ಬಂದ. ಕನ್ನಡ ಅಧ್ಯಾಪಕರ ಮನೆಗೆ ಬರುವ ಇಂಥ ಕಟ್ಟು ಸಾಮಾನ್ಯವಾಗಿ ಕವನಗಳ ಹಸ್ತಪ್ರತಿಯಾಗಿರುತ್ತದೆ; ಮುನ್ನುಡಿಯನ್ನು ಬೇಡುತ್ತದೆ. ನಾನು ಆಗಲೇ ಮನಸ್ಸಿನಲ್ಲಿ ನೆಪಗಳನ್ನು ಹುಡುಕತೊಡಗಿದ್ದೆ. ಆದರೆ ಹುಡುಗ ಕವಿಯಾಗಿರಲಿಲ್ಲ. ಅವನು ಯಾವುದೋ ಸಲಹಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದಾನೆ. ನಮ್ಮ ಸೀಮೆಯ ಒಂದು ಊರಿಗೆ ಕುಡಿಯುವ ನೀರಿನ ಕೊಳವೆ ಹಾಕುವ ಯೋಜನೆ. ಹಣ ಕಡಲಾಚೆಯ ಬ್ಯಾಂಕೊಂದರ ಸಾಲ. ಆ ಬ್ಯಾಂಕು ಹಣ ಬಿಚ್ಚುವ ಮೊದಲು ಮನೆಮನೆಗೆ ಹೋಗಿ ಕೇಳಬೇಕಾದ ಪ್ರಶ್ನೆಗಳ ಕಟ್ಟು ಅದು. ಕೊಳವೆ ಹೋಗುವ ದಾರಿಯಲ್ಲಿ ಯಾರ ಗೋಡೆ ಬೀಳುತ್ತದೆ, ಯಾರ ಕಾಯಿಪಲ್ಲೆಯ ಅಂಗಡಿ ಏಳುತ್ತದೆ, ಮನೆಯ ಹೆಂಗಸರ ಅಭಿಪ್ರಾಯ ಕೇಳಿದಿರಾ, ದಲಿತರ ಕೇರಿಗೂ ನಳ ಮುಟ್ಟುತ್ತದೆಯೆ, ಎಷ್ಟು ಮರ ಕಡಿಯುತ್ತೀರಿ, ಅಗೆದ ಮಣ್ಣನ್ನು ಎಲ್ಲಿ ಸುರಿಯುತ್ತೀರಿ—ಹೀಗೆ ನಲವತ್ತು ಪುಟ. ಎಲ್ಲವೂ ಇಂಗ್ಲಿಷಿನಲ್ಲಿ. “ಕನ್ನಡ ಮಾಡಿಕೊಡ್ರಿ ಸರ್, ಪುಟಕ್ಕ ಇಷ್ಟು ಅಂತ ಕೊಡ್ತಾರ” ಎಂದ.

ಒಪ್ಪಿಕೊಂಡೆ. ಸಂಭಾವನೆಯ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು.

ಮೊದಲ ದಿನವೇ ಶಬ್ದಗಳು ಕಾಡತೊಡಗಿದವು. ಸ್ಟೇಕ್‌ಹೋಲ್ಡರ್ ಎಂಬುದಕ್ಕೆ ‘ಭಾಗೀದಾರ’ ಎಂದು ಬರೆದು ಹೊಡೆದುಹಾಕಿದೆ. ಭಾಗೀದಾರನೆಂದರೆ ನಮ್ಮ ಕಡೆ ಅಂಗಡಿಯಲ್ಲಿ ಪಾಲು ಇದ್ದವನು. ದೀಪಾವಳಿಯ ದಿನ ಖಾತೆ ಪೂಜೆಗೆ ಕೂಡುವವನು. ತನ್ನ ಗೋಡೆಯನ್ನು ಕೆಡವಿಸಿಕೊಳ್ಳುವ ಬಡವನನ್ನು ಆ ಹೆಸರಿನಿಂದ ಕರೆದರೆ ಅವನು ನಮ್ಮನ್ನು ಏನೆಂದುಕೊಂಡಾನು? ‘ಲಿಂಗ ಸಮಾನತೆ’ ಎಂಬ ಮಾತು ಪತ್ರಿಕೆಗಳಲ್ಲಿ ಸಲೀಸಾಗಿ ಓಡಾಡುತ್ತದೆ. ಅದನ್ನು ನಮ್ಮ ಓಣಿಯ ಒಬ್ಬ ಮುದುಕಿಗೆ ಓದಿ ಹೇಳಿದೆ. ಆಕೆ ಕೊರಳಿನ ಕರಡಿಗೆಯನ್ನು ಮುಟ್ಟಿಕೊಂಡು, “ಲಿಂಗದಾಗ ಎಂಥಾ ಹೆಚ್ಚು ಕಡಿಮಿ ತಮ್ಮಾ? ಗಂಡಸರಿಗೂ ಅದ, ಹೆಂಗಸರಿಗೂ ಅದ” ಎಂದಳು. ಹನ್ನೆರಡನೆಯ ಶತಮಾನದಲ್ಲಿಯೇ ಇತ್ಯರ್ಥವಾದ ವಿಷಯವನ್ನು ಈ ಮಾಸ್ತರ ಈಗೇಕೆ ಎತ್ತುತ್ತಿದ್ದಾನೆ ಎಂಬಂತಿತ್ತು ಆಕೆಯ ಮುಖ. ಕೊನೆಗೆ ‘ಗಂಡು ಹೆಣ್ಣೆಂಬ ಭೇದವಿಲ್ಲದೆ’ ಎಂದು ಬರೆದೆ. ಒಂದು ಕಡೆ ಮಾತ್ರ ಗೆಲುವು ನನ್ನದಾಯಿತು. ಬಳಸಿದ ನೀರು ಹೊಲಗಳಿಗೆ ಹರಿದು ನಿಂತು ಮಣ್ಣಿನಲ್ಲಿ ಉಪ್ಪು ಮೇಲೇಳುವ ವಿಷಯವನ್ನು ಇಂಗ್ಲಿಷಿನವರು ಮೂರು ಸಾಲು ವಿವರಿಸಿದ್ದರು. ನಮ್ಮ ರೈತರು ಅದಕ್ಕೆ ಸವಳು-ಜವಳು ಎನ್ನುತ್ತಾರೆ. ಕೃಷ್ಣೆಯ ಕಾಲುವೆ ಬಂದ ಕಡೆ, ಎರೆಯ ಹೊಲಕ್ಕೆ ಅಳತೆ ತಪ್ಪಿ ನೀರು ಹಾಯಿಸಿದವರಿಗೆ, ಈ ಶಬ್ದದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

‘ಯೋಜನೆಯಿಂದ ಬಾಧಿತರಾದ ವ್ಯಕ್ತಿಗಳು’ ಎಂಬುದಕ್ಕೂ ನನಗೆ ನಿಘಂಟು ಬೇಕಾಗಲಿಲ್ಲ. ನಮ್ಮ ಕಡೆ ಮುಳುಗಡೆಯವರು ಎಂದರೆ ಸಾಕು. ನಾನೂ ಮುಳುಗಡೆಯವನೇ.

ಹೀಗೆ ಏಳು ಪುಟ ಸಾಗಿತು. ಎಂಟನೆಯ ಪುಟದಲ್ಲಿ ‘ಕುಟುಂಬ’ ಎಂದರೇನು ಎಂಬುದರ ವಿವರಣೆ ಇತ್ತು. ಒಂದೇ ಸೂರಿನ ಕೆಳಗೆ ಮನೆಯ ಒಡೆಯನಲ್ಲದೆ ಬಾಡಿಗೆಯವರಾಗಲಿ, ಕೆಲಸದವರಾಗಲಿ, ಯಾವ ಹಕ್ಕುಪತ್ರವೂ ಇಲ್ಲದೆ ಆಶ್ರಯ ಪಡೆದವರಾಗಲಿ ಇದ್ದರೆ ಅವರನ್ನು ಬಿಡದೆ, ಬೇರೆ ಹಾಳೆಯಲ್ಲಿ, ಅವರವರ ಹೆಸರಿನಲ್ಲಿಯೇ ಬರೆದುಕೊಳ್ಳಬೇಕು ಎಂದಿತ್ತು. ನಾನು ಲೇಖನಿ ಕೆಳಗಿಟ್ಟೆ. ಆ ದಿನ ಮುಂದೆ ಕೆಲಸ ಸಾಗಲಿಲ್ಲ.

ನಮ್ಮದು ಘಟಪ್ರಭೆಯ ದಂಡೆಯ ಊರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲು ಇಟ್ಟರು. ಕಟ್ಟುವುದು ಕೃಷ್ಣೆಗೆ, ಆದರೆ ನೀರು ಹಿಂದಕ್ಕೆ ಒತ್ತಿದಾಗ ಘಟಪ್ರಭೆಯ ಒಡಲೂ ತುಂಬಿ ದಂಡೆಯ ಊರುಗಳಿಗೆ ನುಗ್ಗುತ್ತದೆಂಬುದು ಮೊದಲಿನಿಂದಲೂ ಎಲ್ಲರಿಗೂ ಗೊತ್ತಿದ್ದ ಮಾತು. ಗೊತ್ತಿದ್ದ ಮಾತನ್ನು ಮೂವತ್ತು ವರ್ಷ ಕೇಳುತ್ತ ಹೋದರೆ ಅದು ಗಾದೆಯಂತಾಗುತ್ತದೆ. ನಾನು ಹುಟ್ಟುವ ಮೊದಲಿನಿಂದ ಊರು ಮುಳುಗುವುದಿತ್ತು. ನಾನು ಶಾಲೆಗೆ ಹೋಗುವಾಗಲೂ ಮುಳುಗುವುದಿತ್ತು. ಮಾಳಿಗೆ ಸೋರಿದರೆ “ಹ್ಯಾಂಗೂ ಮುಳುಗೂದೈತಿ” ಎಂದು ಮೇಲುಮಣ್ಣು ಹಾಕಿಸುವುದನ್ನು ಮುಂದೂಡುತ್ತಿದ್ದರು. ಅರ್ಧ ಬಿದ್ದ ಗೋಡೆಗಳು ಅರ್ಧ ಬಿದ್ದ ಹಾಗೆಯೇ ಮುದಿಯಾದವು.

1990ರ ದಶಕ ಬಂದಾಗ ಮಾತು ಕಾಗದಕ್ಕೆ ಇಳಿಯಿತು. ಮನೆಗಳ ಎಣಿಕೆಗೆ ಶಾಲೆಯ ಮಾಸ್ತರರನ್ನು ಹಚ್ಚಿದರು. ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರರು. ಅಕ್ಷರ ದುಂಡಗೆ, ಲೆಕ್ಕ ಚೊಕ್ಕ. ಒಂದು ಅಳತೆಯ ಟೇಪು, ಒಂದು ಉದ್ದನೆಯ ಪಟ್ಟಿ, ಕೆಂಪು ಬಣ್ಣದ ಡಬ್ಬಿ ಹಿಡಿದ ಒಬ್ಬ ಜವಾನ—ಇಷ್ಟು ಪರಿವಾರ. ಸೂಟಿಯ ದಿನವಾದ್ದರಿಂದ ನಾನು ಟೇಪಿನ ಇನ್ನೊಂದು ತುದಿ ಹಿಡಿಯಲು ಹೋಗುತ್ತಿದ್ದೆ. ಪಟ್ಟಿಯಲ್ಲಿ ಅನುಕ್ರಮ ಸಂಖ್ಯೆ, ಮನೆಯ ಯಜಮಾನನ ಹೆಸರು, ಎಷ್ಟು ಖಣದ ಮನೆ, ಗೋಡೆ ಮಣ್ಣಿನದೋ ಕಲ್ಲಿನದೋ, ಮಾಳಿಗೆಯ ತೊಲೆ ಯಾವ ಮರದ್ದು, ಬಾವಿ ಇದೆಯೋ, ಗಿಡಗಳೆಷ್ಟು ಎಂದು ಮನೆಗಳಿದ್ದವು. ಎಲ್ಲಕ್ಕೂ ಕಡೆಯದು ಷರಾ. ಪಟ್ಟಿಯಲ್ಲಿ ಹಿಡಿಯದ ಮಾತು ಏನಾದರೂ ಇದ್ದರೆ ಬರೆಯಲೆಂದು ಬಿಟ್ಟ ಜಾಗ. ತಂದೆಯವರು ಅದನ್ನು ಬಹಳ ಆಸ್ಥೆಯಿಂದ ತುಂಬುತ್ತಿದ್ದರು. ‘ಕಟ್ಟೆಯ ಮೇಲೆ ಪೂಜೆಗೊಳ್ಳುವ ನಾಗರಕಲ್ಲು ಇದೆ’ ಎಂದು ಒಂದು ಕಡೆ, ‘ಅಣ್ಣತಮ್ಮಂದಿರ ವ್ಯಾಜ್ಯ ಕೋರ್ಟಿನಲ್ಲಿದೆ’ ಎಂದು ಇನ್ನೊಂದು ಕಡೆ ಬರೆದದ್ದು ನನಗೆ ನೆನಪಿದೆ.

ನಮ್ಮ ಮನೆಯ ಸರದಿ ಬಂದಾಗ ಅದನ್ನು ಬೇರೆಯವರು ಬರೆಯಬೇಕಾಗಿತ್ತು. ಜೊತೆಯ ಮಾಸ್ತರರು “ನಿಮ್ಮದು ನೀವ ಬರೀರಿ ಗುರುಗಳ, ನಿಮ್ಮ ಮ್ಯಾಲ ನಮಗ ಅವಿಶ್ವಾಸ ಏನು?” ಎಂದು ಚಹಾ ಕುಡಿಯುತ್ತ ಕುಳಿತರು.

ನಮ್ಮ ಮನೆಯ ಪಡಸಾಲೆಗೆ ಹತ್ತಿದಂತೆ ಒಂದು ಕತ್ತಲೆ ಕೋಣೆ. ಅದರಲ್ಲಿ ನಾನು ಹುಟ್ಟುವುದಕ್ಕೆ ಮೊದಲಿನಿಂದ ಒಬ್ಬ ಹೆಂಗಸು ಇದ್ದಳು. ಗಂಡ ಬಿಟ್ಟವಳು. ನಾವೆಲ್ಲ ರೊಟ್ಟಿ ಕಾಕು ಎಂದು ಕರೆಯುತ್ತಿದ್ದೆವು. ಬೆಳಗಿನ ನಾಲ್ಕು ಗಂಟೆಗೆ ಅವಳು ರೊಟ್ಟಿ ಬಡಿಯತೊಡಗಿದರೆ ಆ ಸಪ್ಪಳಕ್ಕೇ ನಾನು ಓದಲು ಏಳುತ್ತಿದ್ದುದು. ಸುತ್ತಲಿನ ನಾಲ್ಕು ಮನೆಗಳಿಗೆ, ಪೇಟೆಯ ಒಂದು ಖಾನಾವಳಿಗೆ ಅವಳೇ ರೊಟ್ಟಿ ಮಾಡಿಕೊಡುವವಳು. ಬಾಡಿಗೆ ತಿಂಗಳಿಗೆ ಹತ್ತು ರೂಪಾಯಿ; ಅದು ಹಣವಾಗಿ ಬಂದದ್ದಕ್ಕಿಂತ ರೊಟ್ಟಿಯಾಗಿ ನಮ್ಮ ಹೊಟ್ಟೆಗೆ ಬಂದದ್ದೇ ಹೆಚ್ಚು. ಅವಳ ಆಸ್ತಿ ಎಂದರೆ ಹೊಳೆಯ ಮಣ್ಣಿನಿಂದ ಅವಳೇ ಮಾಡಿಕೊಂಡ ಒಲೆ, ಕೊಣಮಿಗೆ, ಹಂಚು. ಮತ್ತು ಆ ನಾಲ್ಕು ಮನೆಗಳ ಪರಿಚಯ. ಓಣಿ ಹೋದರೆ ಅವಳ ಉದ್ಯೋಗವೂ ಹೋದಂತೆ.

ತಂದೆಯವರು ಖಣ ಎಣಿಸಿ, ತೊಲೆ ನೋಡಿ, ಷರಾದ ಮನೆಗೆ ಬಂದು ನಿಂತರು. ದೊಡ್ಡಪ್ಪ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಬಾಡಿಗಿಯವರನ್ನ ಬರೀಬ್ಯಾಡ. ಇವತ್ತ ಬರದರ ನಾಳೆ ಹಕ್ಕ ಕೇಳ್ತಾರ. ಪರಿಹಾರದಾಗ ಪಾಲ ಹೋಗ್ತದ” ಎಂದರು. ಅಷ್ಟರಲ್ಲಿ ರೊಟ್ಟಿ ಕಾಕು ಹಿಟ್ಟಿನ ಕೈಯಲ್ಲಿಯೇ ಬಾಗಿಲಿಗೆ ಬಂದು, “ನನ್ನ ಹೆಸರೂ ಬರಕೊಂಡ್ರಿಲ್ರೀ ಗುರುಗಳ?” ಎಂದಳು. ತಂದೆಯವರು ತಲೆ ಎತ್ತಲಿಲ್ಲ. “ಇದು ಮನಿ ಲೆಕ್ಕ ಯವ್ವಾ, ಮಂದಿ ಲೆಕ್ಕ ಆಮ್ಯಾಲ ಬರ್ತದ” ಎಂದು ಷರಾದ ಮನೆಯಲ್ಲಿ ಒಂದು ಸಣ್ಣ ಗೆರೆ ಎಳೆದರು. ನಾನು ಟೇಪನ್ನು ಸುತ್ತುತ್ತಿದ್ದೆ. ನನಗೆ ಎಲ್ಲವೂ ಕೇಳಿಸಿತ್ತು.

ನಮಗೆ ಪರಿಹಾರ ಬಂದಿತು. ಹೊಸ ಊರಿನಲ್ಲಿ ನಿವೇಶನ ಸಿಕ್ಕಿತು. ಅದರಲ್ಲಿ ಉಳಿದ ಹಣದಿಂದಲೇ ನಾನು ಧಾರವಾಡಕ್ಕೆ ಹೋಗಿ ಎಂ. ಎ. ಮಾಡಿದ್ದು. ರೊಟ್ಟಿ ಕಾಕು ಒಂದು ದಿನ ಹಂಚು, ಕೊಣಮಿಗೆ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದಳು. ಒಲೆಯನ್ನು ಒಯ್ಯಲು ಬರುವಂತಿರಲಿಲ್ಲ.

ಈ ಎಣಿಕೆಯ ಹಿಂದೆಯೂ ಕಡಲಾಚೆಯ ಹಣವಿತ್ತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವ ಬ್ಯಾಂಕು 1978ರಲ್ಲಿ ಒಮ್ಮೆ, 1989ರಲ್ಲಿ ಮತ್ತೊಮ್ಮೆ ಸಾಲ ಕೊಟ್ಟಿತ್ತು. ಒಕ್ಕಲೆಬ್ಬಿಸಿದವರಿಗೆ ಮರುವಸತಿ ಮಾಡಿಕೊಡಬೇಕೆಂಬ ನಿಯಮವನ್ನು ಅದು ತನಗಾಗಿ ಬರೆದುಕೊಂಡದ್ದು 1980ರಲ್ಲಿ. 1990ರಲ್ಲಿ ಆ ನಿಯಮವನ್ನು ಬಿಗಿಗೊಳಿಸಿ, ನೆಲದ ಹಕ್ಕುಪತ್ರವಿಲ್ಲವೆಂಬುದು ಪರಿಹಾರಕ್ಕೆ ಅಡ್ಡಿಯಾಗಕೂಡದೆಂದು ಹೇಳಿತು. ಮರುವಸತಿಯ ಕೆಲಸ ಕುಂಟುತ್ತಿದೆಯೆಂದು 1990ರ ದಶಕದಲ್ಲಿ ಎರಡು ಸಲ ನಮ್ಮ ಯೋಜನೆಯ ಹಣವನ್ನು ತಡೆದೂ ಹಿಡಿಯಿತು. ಮಾಸ್ತರರ ಕೈಗೆ ಅಷ್ಟು ತರಾತುರಿಯಲ್ಲಿ ಪಟ್ಟಿ ಬಂದದ್ದರ ಹಿಂದೆ ಈ ಒತ್ತಡವೂ ಇದ್ದಿರಬೇಕು. ಅಂದರೆ ವಾಷಿಂಗ್ಟನ್ನಿನಲ್ಲಿ ಯಾರೋ ಕುಳಿತು ಬರೆದ ಕಾಗದದಲ್ಲಿ ರೊಟ್ಟಿ ಕಾಕುವಿಗೆ ಜಾಗವಿತ್ತು. ನಮ್ಮ ಪಡಸಾಲೆಯಲ್ಲಿ, ಅವಳ ರೊಟ್ಟಿ ತಿಂದವರ ಲೇಖನಿಯ ತುದಿಯಲ್ಲಿ ಇರಲಿಲ್ಲ.

ಅನುವಾದದ ಕೆಲಸ ನಡೆದಿರುವಾಗ ಈ ವಿಷಯ ಕಾಲೇಜಿನ ಗೆಳೆಯರ ನಡುವೆ ಬಂತು. ಅರ್ಥಶಾಸ್ತ್ರದ ಮಿತ್ರರೊಬ್ಬರು ಸಿಟ್ಟಿನಿಂದ, “ಸಾಲ ಕೊಟ್ಟವರು ಬಡ್ಡಿ ತಗೊಂಡು ಹೋಗಲಿ. ನಮ್ಮ ಹೆಣ್ಣುಮಕ್ಕಳನ್ನ, ನಮ್ಮ ದಲಿತರನ್ನ, ನಮ್ಮ ಗಿಡಮರಗಳನ್ನ ಹ್ಯಾಂಗ ನೋಡಿಕೋಬೇಕಂತ ಅವರು ಹೇಳೂದೇನು?” ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬುದ್ಧಿ ಹೇಳುವ ಸಾಹುಕಾರನೇನೂ ಸಂತನಲ್ಲ. ನರ್ಮದೆಯ ಸರ್ದಾರ್ ಸರೋವರಕ್ಕೆ ವಿಶ್ವ ಬ್ಯಾಂಕು 1985ರಲ್ಲಿ 45 ಕೋಟಿ ಡಾಲರು ಕೊಡಲು ಒಪ್ಪಿತು. ನಮ್ಮ ಪರಿಸರ ಮಂತ್ರಾಲಯ ಆ ಕಟ್ಟೆಗೆ ಷರತ್ತಿನ ಒಪ್ಪಿಗೆ ಕೊಟ್ಟದ್ದು 1987ರಲ್ಲಿ! ಮೊದಲು ಹಣ, ಆಮೇಲೆ ವಿಚಾರ. ಕಣಿವೆಯ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ ಬ್ಯಾಂಕು ಬ್ರ್ಯಾಡ್‌ಫೋರ್ಡ್ ಮೋರ್ಸ್ ಎಂಬವರ ನೇತೃತ್ವದಲ್ಲಿ ಒಂದು ಸ್ವತಂತ್ರ ಪರಿಶೀಲನೆ ನಡೆಸಿತು. 1992ರಲ್ಲಿ ಬಂದ ಆ ವರದಿ ಬ್ಯಾಂಕನ್ನೇ ತಪ್ಪಿತಸ್ಥನ ಕಟಕಟೆಯಲ್ಲಿ ನಿಲ್ಲಿಸಿತು: ಎಷ್ಟು ಜನ ಏಳುತ್ತಾರೆ, ನದಿಯ ಕೆಳಗಿನ ಬದುಕು ಏನಾಗುತ್ತದೆ ಎಂಬುದನ್ನು ಸರಿಯಾಗಿ ತಿಳಿಯದೆಯೇ ಹಣಕ್ಕೆ ಕೈ ಹಾಕಿದಿರಿ ಎಂಬುದು ಅದರ ಸಾರ. ಬ್ಯಾಂಕು ಷರತ್ತು ಬಿಗಿಮಾಡಿತು. 1993ರ ಮಾರ್ಚಿನಲ್ಲಿ ಭಾರತ ಸರಕಾರ ಉಳಿದ ಸಾಲ ಬೇಡವೆಂದು ಹೇಳಿಬಿಟ್ಟಿತು. ಅದೇ ವರ್ಷ ಬ್ಯಾಂಕು ತೊಂದರೆಗೊಳಗಾದ ಜನ ನೇರವಾಗಿ ದೂರು ಕೊಡಬಹುದಾದ ಒಂದು ಪರಿಶೀಲನಾ ಮಂಡಳಿಯನ್ನು ಸ್ಥಾಪಿಸಿತು. ನರ್ಮದೆಯ ಕಣಿವೆಯವರ ಬಾಯಿಂದ ಹುಟ್ಟಿದ ಪ್ರಶ್ನೆ ಲೋಕದ ಬೇರೆ ಬೇರೆ ಕಡೆಯ ಜನಕ್ಕೆ ಅನುಕೂಲವಾಯಿತು. ನರ್ಮದೆಯಲ್ಲಿ ಮಾತ್ರ ಹಣದ ಜೊತೆಗೆ ಕೇಳುವವನೂ ಎದ್ದುಹೋದ. ಕಟ್ಟೆ ನಿಲ್ಲಲಿಲ್ಲ.

ನಮ್ಮ ಮಿತ್ರರಿಗೆ ಇದನ್ನೇ ಹೇಳಿದೆ. ಸಾಹುಕಾರ ಹೋದ ಮೇಲೆ ಆ ಪ್ರಶ್ನೆಗಳನ್ನು ಮನೆಯವರೇ ಕೇಳಿಕೊಂಡಿದ್ದರೆ ಸ್ವಾಭಿಮಾನಕ್ಕೆ ಬೆಲೆ ಬರುತ್ತಿತ್ತು. ನಮ್ಮ ಕೃಷ್ಣೆಯ ಕಥೆಯನ್ನೇ ತೆಗೆದುಕೊಳ್ಳಿ. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು; ಪೇಟೆಯಲ್ಲಿ ಬಾಂಡ್ ಮಾರಿ ಹಣ ಎತ್ತುವ ದಾರಿ ತೆರೆಯಿತು. ಬಾಂಡ್ ಕೊಳ್ಳುವ ಗೃಹಸ್ಥ ಬಡ್ಡಿ ಎಷ್ಟು, ಮುದ್ದತ್ತು ಎಷ್ಟು ಎಂದು ಕೇಳುತ್ತಾನೆ. ಓಣಿಯ ಕತ್ತಲೆ ಕೋಣೆಯಲ್ಲಿ ಯಾರಿದ್ದಾರೆಂದು ಅವನೇಕೆ ಕೇಳಿಯಾನು? ನನ್ನ ಭವಿಷ್ಯನಿಧಿಯ ಹಣ ಎಲ್ಲೆಲ್ಲಿ ಹೋಗಿ ಯಾರ ಗೋಡೆ ಕೆಡವುತ್ತಿದೆಯೆಂದು ನಾನಾದರೂ ಎಂದು ಕೇಳಿದ್ದೇನೆ!

ಯುರೋಪಿನ ದೇಶಗಳ ಪದ್ಧತಿ ಇದಕ್ಕಿಂತ ಸ್ವಲ್ಪ ಬೇರೆ. ಗಡಿಯ ಎರಡೂ ಬದಿಯ ಊರುಗಳು ಕೂಡಿ ಮಾಡುವ ಕೆಲಸಗಳಿಗೆ ಯುರೋಪಿನ ಸಮುದಾಯ 1990ರಿಂದ ಇಂಟರ್‌ರೆಗ್ ಎಂಬ ಹೆಸರಿನಲ್ಲಿ ಹಣ ಕೊಡುತ್ತ ಬಂದಿದೆ. 2021ರಲ್ಲಿ ಬಂದ ಅದರ ನಿಯಮಾವಳಿಯಲ್ಲಿ ಮೂಲಭೂತ ಹಕ್ಕುಗಳು, ಸ್ತ್ರೀಪುರುಷರ ಸಮಾನತೆ, ಯಾರನ್ನೂ ಬೇರೆಯಾಗಿ ನೋಡದಿರುವುದು, ಅಂಗವಿಕಲರಿಗೆ ಪ್ರವೇಶ, ಪರಿಸರಕ್ಕೆ ದೊಡ್ಡ ಹಾನಿ ಮಾಡದಿರುವುದು—ಇವೆಲ್ಲ ಹಣದ ಜೊತೆಗೇ ಹೊಲಿದ ಅಂಚಿನಂತೆ ಬಂದಿವೆ. ಅಲ್ಲಿ ನನಗೆ ಮೆಚ್ಚಿಕೆಯಾದದ್ದು ಒಂದೇ ಸಂಗತಿ. ಗಡಿಯ ಈಚೆಯವನೂ ಆಚೆಯವನೂ ಕೂಡಿಯೇ ಅರ್ಜಿ ಹಾಕಬೇಕು, ಇಬ್ಬರೂ ಅವೇ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಸಾಲ ಕೊಡುವವನು ಕೇಳುವುದು, ತೆಗೆದುಕೊಳ್ಳುವವನು ತಲೆ ತುರಿಸಿಕೊಳ್ಳುವುದು ಎಂಬ ಭೇದ ಅಲ್ಲಿಲ್ಲ. ಅಲ್ಲಿಯೂ ಷರಾದಲ್ಲಿ ಗೆರೆ ಎಳೆಯುವವರು ಇರಬಹುದು, ಮನುಷ್ಯರೇ ತಾನೆ.

ನಾವೇನೂ ಪೂರ್ತಿ ಸುಮ್ಮನೆ ಕುಳಿತಿಲ್ಲ. ನರ್ಮದಾ ನ್ಯಾಯಮಂಡಳಿ 1979ರ ತೀರ್ಪಿನಲ್ಲಿ ವಯಸ್ಸಿಗೆ ಬಂದ ಗಂಡುಮಗನನ್ನು ಬೇರೆ ಕುಟುಂಬವೆಂದು ಎಣಿಸಿತ್ತು. ಮಗಳ ಮಾತೇ ಇರಲಿಲ್ಲ. 2013ರ ಭೂಸ್ವಾಧೀನ ಕಾಯಿದೆಯಲ್ಲಿ ವಯಸ್ಸಿಗೆ ಬಂದವರು ಗಂಡಾಗಲಿ ಹೆಣ್ಣಾಗಲಿ ಬೇರೆ ಕುಟುಂಬವೆಂದಿದೆ. ಮೂರು ವರ್ಷದಿಂದ ಆ ನೆಲವನ್ನು ನಂಬಿ ಬದುಕಿದ ಗೇಣಿದಾರರು, ಕೂಲಿಯವರು, ಕುಶಲಕರ್ಮಿಗಳು ಸೇರಿದ್ದಾರೆ. ವಿಧವೆಯರು, ವಿಚ್ಛೇದನ ಪಡೆದವರು, ಗಂಡ ಬಿಟ್ಟವರು ತಾವೊಬ್ಬರೇ ಒಂದು ಕುಟುಂಬ. ಈ ಮಾತನ್ನು ಮೊದಲ ಸಲ ಓದಿದಾಗ ನಾನು ಅದನ್ನು ಎರಡು ಸಲ ಓದಿದೆ. ಇಪ್ಪತ್ತು ವರ್ಷ ಮೊದಲು ಬರಬೇಕಾಗಿದ್ದ ಕಾಗದ. ಬಂದಿದ್ದರೂ ಅದು ದೊಡ್ಡಪ್ಪನವರ ತಗ್ಗಿದ ದನಿಯನ್ನು ದಾಟಿ ಬರಬೇಕಾಗಿತ್ತು, ಆ ಮಾತು ಬೇರೆ.

ರಜೆ ಮುಗಿಯುವ ಹೊತ್ತಿಗೆ ಅನುವಾದ ಮುಗಿಯಿತು. ತಂದೆಯವರಿಗೆ ಈಗ ಎಂಬತ್ತು ದಾಟಿದೆ. ಕಣ್ಣು ಮಂಜಾಗಿದೆ; ಭೂತಗನ್ನಡಿ ಹಿಡಿದು ಪತ್ರಿಕೆ ಓದುತ್ತಾರೆ. ಹಸ್ತಪ್ರತಿಯನ್ನು ಅವರ ಮುಂದೆ ಇಟ್ಟು, ವ್ಯಾಕರಣ ನೋಡಿ ಎಂದೆ. ವ್ಯಾಕರಣವನ್ನು ನೋಡಲು ಕೊಟ್ಟಿರಲಿಲ್ಲವೆಂದು ಅವರಿಗೂ ತಿಳಿದಿರಬೇಕು. ಎರಡು ದಿನ ಓದಿದರು. ಒಂದು ಕಡೆ ‘ಪರಿಣಾಮ’ಕ್ಕೆ ಬದಲು ‘ತೊಂದರೆ’ ಎಂದು ತಿದ್ದಿದ್ದರು; ಅದೇ ಸರಿಯಾಗಿತ್ತು. ಎಂಟನೆಯ ಪುಟದಲ್ಲಿ ಬೆರಳಿಟ್ಟು, “ಈ ಮನಿ ಸಣ್ಣದಾತು. ಹೆಸರು ಹಿಡಿಯೂದಿಲ್ಲ” ಎಂದರು. ಆಮೇಲೆ ಹಾಳೆಗಳನ್ನು ಹಿಂದೆ ಮುಂದೆ ತಿರುವಿ, “ಷರಾಕ್ಕ ಜಾಗಾನ ಇಲ್ಲಲ್ಲ ಇದರಾಗ?” ಎಂದರು.

ನಿಜ, ಇರಲಿಲ್ಲ. ನಾನೂ ಗಮನಿಸಿರಲಿಲ್ಲ. ವಿದ್ಯಾರ್ಥಿಯನ್ನು ಕೇಳಿದೆ. “ಕಂಪ್ಯೂಟರಿಗೆ ಹಾಕೂದು ಸರ್. ಹೌದು, ಇಲ್ಲ, ಅನ್ವಯಿಸೂದಿಲ್ಲ—ಮೂರ ಉತ್ತರ. ಷರಾ ಬರದರ ಎಣಸಾಕ ಬರೂದಿಲ್ಲ” ಎಂದ. ಬಹಳ ಹೇಳಿದ ಮೇಲೆ ಪ್ರತಿ ಹಾಳೆಯ ಕೆಳಗೆ ಎರಡು ಸಾಲು ಖಾಲಿ ಬಿಡಿಸುತ್ತೇನೆಂದು ಒಪ್ಪಿದ. ಬಿಡಿಸಿದ್ದಾನೋ ಇಲ್ಲವೋ, ಅಚ್ಚಾದ ಪ್ರತಿ ನನ್ನ ಕೈಗೆ ಇನ್ನೂ ಬಂದಿಲ್ಲ.

ಅಂದು ರಾತ್ರಿ ಊಟವಾದ ಮೇಲೆ ತಂದೆಯವರು ತಾವಾಗಿಯೇ ಮಾತು ತೆಗೆದರು. “ನಿಮ್ಮ ದೊಡ್ಡಪ್ಪ ಹೇಳಿದ್ದಕ್ಕಷ್ಟ ಬಿಟ್ಟೆ ಅಂತ ನೀ ತಿಳಕೊಂಡಿ. ಅದು ಹೌದು. ಆದರ ಒಂದ ಗಳಿಗಿ ಬರೀಬೇಕಂತ ಪೆನ್ ಊರಿದ್ದೆ ತಮ್ಮಾ. ಊರಿದ ಮ್ಯಾಲ ಹೊಳೀತು, ಆಕಿ ಹೆಸರ ನನಗ ಗೊತ್ತಿಲ್ಲಂತ. ಹದಿನೆಂಟ ವರ್ಷ ನಮ್ಮ ಮನಿಯಾಗ ಇದ್ದಾಕಿ. ಅಷ್ಟ ಮಂದಿ ಎದುರಿಗೆ ನಿನ್ನ ಹೆಸರೇನಂತ ಹ್ಯಾಂಗ ಕೇಳ್ಲಿ?”

ಅವ್ವನನ್ನು ಕೇಳಿದೆವು. ಅವ್ವ ಪಾತ್ರೆ ಒರೆಸುವುದನ್ನು ನಿಲ್ಲಿಸಿ ಬಹಳ ಹೊತ್ತು ನೆನಪು ಮಾಡಿಕೊಂಡಳು. ತವರು ತಾಳಿಕೋಟೆಯ ಕಡೆಯದು ಎಂದಳು. ಸಜ್ಜೆಯ ರೊಟ್ಟಿಗೆ ಎಳ್ಳು ಹಚ್ಚುವುದನ್ನು ತನಗೆ ಕಲಿಸಿದವಳು ಅವಳೇ ಎಂದಳು. ಹೆಸರು ಮಾತ್ರ ಬರಲಿಲ್ಲ.